ಜಾತಿ ಬದಲಾದ ಪಾಠ

ನನಗೆ ಕೋಪ ಬೇಗ ಬರುತ್ತದೆ. ಆದರೆ ಚನ್ನಪಟ್ಟಣ ತಾಲ್ಲೂಕಿನ ಒಂದು ಖಾಸಗಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ಅಷ್ಟೂ ವರ್ಷ, ಪ್ರಶ್ನೆ ಕೇಳಿದ ಮಗುವಿನ ಮೇಲೆ ಒಮ್ಮೆಯೂ ಸಿಡುಕಲಿಲ್ಲ. ಸಿಡುಕಿದ್ದೆಲ್ಲ ದೊಡ್ಡವರ ಮೇಲೆಯೇ. ಅದರ ಬಗ್ಗೆ ನನಗೆ ಈಗಲೂ ಹೆಮ್ಮೆ.

ಬಿಡದಿಯಲ್ಲಿ ಫ್ಯಾಕ್ಟರಿಗಳು ಒಂದರ ಹಿಂದೊಂದು ಎದ್ದು, ನಮ್ಮ ಕಡೆಯ ಹಳ್ಳಿಗಳಿಂದ ಗಂಡಸರೂ ಹೆಂಗಸರೂ ವ್ಯಾನು ಹತ್ತಿ ಶಿಫ್ಟಿಗೆ ಹೋಗತೊಡಗಿದ್ದ ಕಾಲ ಅದು. ಕಾಲ ಕೆಟ್ಟಿತು, ಮಕ್ಕಳೂ ಕೆಡುತ್ತಾರೆ ಎಂಬ ಚಿಂತೆ ನಮ್ಮ ಶಾಲೆಯ ಅಧ್ಯಕ್ಷರಿಗೆ ಹತ್ತಿಕೊಂಡಿತು. ಕೆಟ್ಟ ಮನುಷ್ಯರಲ್ಲ, ಹೆಣ್ಣುಮಕ್ಕಳಿಗೆಂದು ಶೌಚಾಲಯ ಕಟ್ಟಿಸಿಕೊಟ್ಟವರು. ಹತ್ತನೇ ತರಗತಿಗೆ ಪ್ರತಿ ಶನಿವಾರ ಒಂದು ವಿಶೇಷ ಕ್ಲಾಸು ಇಡಿಸಿದರು. ಅದಕ್ಕೆ ಬೆಂಗಳೂರಿನಿಂದ ಒಬ್ಬ ನಿವೃತ್ತ ಎಂಜಿನಿಯರು ಪ್ರೊಜೆಕ್ಟರ್ ಹೊತ್ತು ಬರುತ್ತಿದ್ದರು. ದೇವರು ಪ್ರತಿಯೊಂದು ಜೀವಿಯನ್ನೂ ಈಗ ಇರುವ ಹಾಗೆಯೇ ಮಾಡಿ ಭೂಮಿಗೆ ಬಿಟ್ಟ, ಅಂಗ ಅಂಗಕ್ಕೂ ಒಂದು ಕೆಲಸ ಗೊತ್ತುಮಾಡಿಯೇ ಕೊಟ್ಟ, ಜೀವ ವಿಕಾಸ ಎನ್ನುವುದು ಬರೀ ಊಹೆ ಎಂಬುದು ಅವರ ಪಾಠ. ಹದ್ದಿನ ಕಣ್ಣು, ಮೀನಿನ ರೆಕ್ಕೆ ಎಲ್ಲವನ್ನೂ ಗೋಡೆಯ ಮೇಲೆ ಬಣ್ಣಬಣ್ಣವಾಗಿ ತೋರಿಸುತ್ತಿದ್ದರು. ಕೊನೆಗೆ, "ನಿಮ್ಮಲ್ಲಿ ಯಾರ ತಾತ ಕೋತಿ? ಕೈ ಎತ್ತಿ" ಎನ್ನುವರು. ಮಕ್ಕಳು ಬಿದ್ದು ಬಿದ್ದು ನಗುವರು.

ನಾನು ದಿನಾ ದೇವರಿಗೆ ದೀಪ ಹಚ್ಚುವವಳು. ದೇವರ ಮೇಲೆ ನನ್ನ ತಕರಾರೇನಿರಲಿಲ್ಲ. ನಾನಿನ್ನೂ ಮಾಡದ ಪಾಠವನ್ನು ಮೊದಲೇ ಗೇಲಿ ಮಾಡಿಟ್ಟರಲ್ಲ, ಅದು ನನಗೆ ಉರಿಯಿತು.

ಹಟ ಹಿಡಿದು ಆ ಪಾಠವನ್ನೇ ಎತ್ತಿಕೊಂಡೆ. ಪುಸ್ತಕದಲ್ಲಿ 'ಪ್ರಭೇದ' ಎಂದಿತ್ತು. ಆ ಪದ ನಮ್ಮ ಮಕ್ಕಳ ನಾಲಿಗೆಯಲ್ಲಿ ತಿರುಗುತ್ತಿರಲಿಲ್ಲ. ಅವರೆಲ್ಲ ರೇಷ್ಮೆಹುಳು ಸಾಕುವ ಮನೆಯವರು. 'ಒಳ್ಳೆ ಜಾತಿ ಮೊಟ್ಟೆ ತಗಂಬಾ' ಎನ್ನುವ ಮಾತು ಕೇಳಿ ಬೆಳೆದವರು. ಹಾಗಾಗಿ ನಾನೂ, "ತುಂಬಾ ಕಾಲ ಕಳೆದರೆ ಒಂದು ಜಾತಿಯಿಂದ ಇನ್ನೊಂದು ಜಾತಿ ಆಗುತ್ತದೆ" ಎಂದೆ. ಎಲ್ಲರಿಗೂ ತಟ್ಟನೆ ಅರ್ಥವಾಯಿತು.

ಮಕ್ಕಳ ಮನೆಗಳಲ್ಲಿ ಬೇರೆಯೇ ಅರ್ಥವಾಯಿತು. ಅದೇ ತಿಂಗಳು ಫ್ಯಾಕ್ಟರಿ ವ್ಯಾನಿನಲ್ಲಿ ಪರಿಚಯವಾದ ಹುಡುಗ ಹುಡುಗಿ, ಬೇರೆ ಬೇರೆ ಜಾತಿಯವರು, ಮದುವೆಯಾಗಿ ಊರು ಬಿಟ್ಟಿದ್ದರು. ಊರೆಲ್ಲ ಕೊತಕೊತ ಅನ್ನುತ್ತಿತ್ತು. ಆ ಬಿಸಿಗೆ ನನ್ನ ಮಾತು ಬಿದ್ದರೆ ಕೇಳಬೇಕೆ? ಹೊಂಗನೂರು ಕಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದ ಒಬ್ಬ ಹುಡುಗಿಯ ತಂದೆ ನಾಲ್ಕಾರು ಜನರನ್ನು ಕಟ್ಟಿಕೊಂಡು ಸ್ಟಾಫ್ ರೂಮಿಗೇ ಬಂದರು.

"ಜಾತಿ ಬದ್ಲಾಯ್ತದೆ ಅಂತ ಐಕಳಿಗೆ ಹೇಳ್ಕೊಡ್ತಿದ್ದೀರಂತೆ ಮೇಡಂ?"

"ಹುಳದ ಜಾತಿ ಸ್ವಾಮಿ," ಎಂದೆ.

"ಇವತ್ತು ಹುಳದ್ದು, ನಾಳೆ ಮನುಸರ್ದು. ಇದೇ ಪಾಠ ಅನ್ನಂಗಿದ್ರೆ ನನ್ ಮಗಳ್ನ ಬುಡಿಸ್ಕಂಡು ಹೋಯ್ತೀನಿ."

ನನ್ನ ಜಂಬ ಇಳಿದುಹೋಯಿತು. ಆ ಹುಡುಗಿಗೆ ಪಿಯುಸಿಯಲ್ಲಿ ಸೈನ್ಸ್ ತೆಗೆದುಕೊಳ್ಳುವ ಆಸೆ. ಅವರ ಮನೆಯಲ್ಲಿ ಹತ್ತನೇ ತರಗತಿ ಮುಟ್ಟಿದ ಮೊದಲ ಹೆಣ್ಣು ಅವಳು. ಶಾಲೆ ಬಿಡಿಸಿದರೆ ಮುಂದಿನದು ಗಂಡು ಹುಡುಕುವುದೇ ಎಂದು ಎಲ್ಲರಿಗೂ ಗೊತ್ತಿತ್ತು. ಅಧ್ಯಕ್ಷರು, ಶನಿವಾರ ಪೋಷಕರನ್ನೂ ಎಂಜಿನಿಯರನ್ನೂ ಕೂರಿಸಿ ಮಾತಾಡೋಣ, ಅಲ್ಲಿವರೆಗೆ ಆ ಪಾಠ ಮುಚ್ಚಿಡಿ ಎಂದರು. ಮುಚ್ಚಿಟ್ಟೆ. ಆ ವಾರ ಮನೆಯಲ್ಲಿ ಯಾರ ಜೊತೆಗೂ ನೆಟ್ಟಗೆ ಮಾತಾಡಲಿಲ್ಲ.

ಶನಿವಾರ ಪೋಷಕರೂ ಹತ್ತನೇ ತರಗತಿಯ ಮಕ್ಕಳೂ ಸೇರಿ ಹಾಲ್ ತುಂಬಿತು. ನಾನು ರೇಷ್ಮೆಯಿಂದಲೇ ಶುರುಮಾಡಿದೆ. ಹಳದಿ ಗೂಡು, ಬಿಳಿ ಗೂಡು, ಗಟ್ಟಿ ಗೂಡು, ಇಷ್ಟೆಲ್ಲ ತಳಿ ನಾವು ಮನುಷ್ಯರು ಆರಿಸಿ ಆರಿಸಿ ಆದದ್ದು. ನಿಸರ್ಗವೂ ಹೀಗೇ ಆರಿಸುತ್ತದೆ ಎಂದೆ. ಎಂಜಿನಿಯರು ನಯವಾಗಿ ಎದ್ದರು. "ಗೂಡಿನ ಬಣ್ಣ ಬದಲಾಯಿತು, ಒಪ್ಪಿದೆ ಮೇಡಂ. ಆದರೆ ಹುಳು ಹುಳುವಾಗಿಯೇ ಉಳಿಯಿತಲ್ಲ? ಹದ್ದಾಗಲಿಲ್ಲವಲ್ಲ?" ಎಂದರು. ಜನ ತಲೆ ಆಡಿಸಿದರು. ಅವರ ಮಾತು ಕೇಳಲು ಚೆಂದವಾಗಿತ್ತು, ಅದಕ್ಕೇ ನನಗೆ ಮೈ ಉರಿಯಿತು. ಏನೋ ಒರಟಾಗಿ ಹೇಳಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಆ ಹುಡುಗಿ ಎದ್ದು ನಿಂತಳು.

"ಸಾರ್, ದೇವ್ರು ಒಂದೊಂದು ಅಂಗಾನೂ ಕೆಲಸಕ್ಕೇ ಕೊಟ್ಟವ್ನೆ ಅಂದ್ರಿ. ನಮ್ಮನೇಲಿ ಮಿಕ್ಕ ಗೂಡು ಒಡ್ಕಂಡು ಚಿಟ್ಟೆ ಬತ್ತವೆ. ರೆಕ್ಕೆ ಬಡ್ಕಂತವೆ, ಹಾರಲ್ಲ. ಹಾರದೆ ಇರೋದಕ್ಕೆ ರೆಕ್ಕೆ ಯಾಕೆ ಸಾರ್?"

ಹಾಲ್‌ನಲ್ಲಿ ಕೂತಿದ್ದವರಲ್ಲಿ ಆ ಚಿಟ್ಟೆ ನೋಡದವರು ಯಾರೂ ಇರಲಿಲ್ಲ, ಬಹುಶಃ ಎಂಜಿನಿಯರರೊಬ್ಬರನ್ನು ಬಿಟ್ಟು. ಅವರು, "ಅದರ ಉದ್ದೇಶ ಅವನಿಗೇ ಗೊತ್ತಮ್ಮ" ಎಂದರು.

"ಹಂಗಾದ್ರೆ ನಮಗಿನ್ನೂ ಗೊತ್ತಿಲ್ಲ ಅಂತಾಯ್ತು. ಹುಡುಕ್ಬೋದಲ್ವಾ ಸಾರ್?"

ನಾನು ಒಳಗೊಳಗೇ ಉಬ್ಬಿದೆ. ಅವಳು ಅಷ್ಟಕ್ಕೇ ಬಿಡಲಿಲ್ಲ, ನನ್ನ ಕಡೆ ತಿರುಗಿದಳು. "ಮೇಡಂ, ಸಾರ್ ಕೇಳಿದ್ದಕ್ಕೆ ನೀವೂ ಉತ್ತರ ಹೇಳ್ಲಿಲ್ಲ. ಒಂದು ಇನ್ನೊಂದಾಗೋದು ಹೌದಾದ್ರೆ, ಅರ್ಧಂಬರ್ಧ ಆಗಿದ್ದವು ಎಲ್ಲಿ ಅವೆ?"

ಪಳೆಯುಳಿಕೆಗಳ ಬಗ್ಗೆ ನನಗೆ ತಿಳಿದಷ್ಟು ಹೇಳಿದೆ. ಆಮೇಲೆ, ಇದಕ್ಕಿಂತ ಹೆಚ್ಚು ನನಗೂ ಗೊತ್ತಿಲ್ಲ, ಮೈಸೂರಿನ ಲೈಬ್ರರಿಗೆ ಹೋಗಿ ಓದಿ ಬಂದು ಹೇಳುತ್ತೇನೆ ಎಂದೆ. ಇಡೀ ಊರಿನ ಮುಂದೆ ನನ್ನನ್ನು ನಿಲ್ಲಿಸಿ ಕೇಳಿದ ಹುಡುಗಿಯನ್ನು ತಬ್ಬಿಕೊಳ್ಳಬೇಕು ಎನ್ನಿಸಿತು. ನನ್ನ ಪಕ್ಷ ವಹಿಸಿದ್ದರೆ ಇಷ್ಟು ಸಂತೋಷವಾಗುತ್ತಿರಲಿಲ್ಲ. ಪ್ರಶ್ನೆ ಕೇಳುವುದನ್ನು ಕಲಿಸಿದವಳು ನಾನು. ಅದು ನನಗೇ ತಿರುಗಿ ಬಂದಿತ್ತು.

ಎಲ್ಲರ ಕಣ್ಣೂ ಅವಳ ತಂದೆಯ ಮೇಲಿತ್ತು. ಆತ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ನಿಧಾನವಾಗಿ ಎದ್ದರು.

"ಆ ಚಿಟ್ಟೇನ ನಾನೂ ಹುಟ್ಟಿದಾಗ್ಲಿಂದ ನೋಡ್ತಾ ಇವ್ನಿ," ಎಂದರು. "ಒಂದಿನಾನೂ ಯಾಕೆ ಅಂತ ಕೇಳ್ಲಿಲ್ಲ." ಮಗಳ ಕಡೆ ನೋಡಿದರು. ಬೈಯುವ ನೋಟವಾಗಿರಲಿಲ್ಲ. "ಓದ್ಲಿ ಬುಡಿ ಮೇಡಂ. ಪಾಠಾನೂ ಮಾಡ್ಕಳಿ. ಆದ್ರೆ ಆ ಜಾತಿ ಅನ್ನೋ ಪದ ಒಂದು ಬುಟ್ಬುಡಿ. ಊರಲ್ಲಿ ಒಸಿ ಕಷ್ಟ ಆಯ್ತದೆ."

ಮಾತು ಕೊಟ್ಟೆ. ಅಧ್ಯಕ್ಷರು ಎಲ್ಲರಿಗೂ ಕಾಫಿ ಹೇಳಿದರು. ಎಂಜಿನಿಯರು ಮುಂದೆಯೂ ಬರುತ್ತಿದ್ದರು, ಆದರೆ ಕೋತಿ ತಾತನ ಪ್ರಶ್ನೆ ಮತ್ತೆ ಕೇಳಲಿಲ್ಲ. ಹತ್ತು ಪಾಸಾದ ಎರಡು ವರ್ಷಕ್ಕೆ ಅದೇ ಹುಡುಗಿ ರಾಮನಗರದಲ್ಲಿ ಪಿಯುಸಿ ಸೈನ್ಸ್ ಓದಿ ಮುಗಿಸಿ, ಅಪ್ಪನ ಕೈಯಲ್ಲಿ ಸಿಹಿ ಹೊರಿಸಿಕೊಂಡು ನಮ್ಮ ಮನೆಗೆ ಬಂದಳು.

ಆದರೆ ನಾನು ಹೆಚ್ಚು ನೆನೆಯುವುದು ಆ ಸಭೆಯ ಮರುವಾರದ ಸೋಮವಾರವನ್ನು. ಕೊಟ್ಟ ಮಾತಿನಂತೆ ಬೋರ್ಡಿನ ಮೇಲೆ ದೊಡ್ಡದಾಗಿ 'ಪ್ರಭೇದ' ಎಂದು ಬರೆದೆ. ಹಿಂದಿನ ಬೆಂಚಿನವನೊಬ್ಬ ಎದ್ದು, "ಹಂಗಂದ್ರೇನು ಮೇಡಂ?" ಎಂದ. ನಾನು ಬಾಯಿಗೆ ಬೀಗ ಹಾಕಿಕೊಂಡು ನಿಂತೆ.

ಆ ಹುಡುಗಿ ಹಿಂದಕ್ಕೆ ತಿರುಗಿ, ಮೆಲ್ಲಗೆ ಹೇಳಿದಳು: "ಜಾತಿ ಕಣ್ಲಾ. ನಮ್ಮಪ್ಪಂಗೆ ಹೇಳ್ಬ್ಯಾಡ."