ಗುಂಡಿಮಾವನ ಕೈಗೆ ತಿಳಿದದ್ದು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ವಾಹನ ತಪಾಸಣೆಯ ಅಂಗಳದಲ್ಲಿ ಕಾರುಗಳ ಸಾಲು ಆಗಲೇ ಗೇಟು ದಾಟಿದೆ. ಸಿಮೆಂಟಿನ ಉದ್ದನೆಯ ಗುಂಡಿಯೊಳಗಿಂದ ಮೊದಲು ಟಾರ್ಚಿನ ಬೆಳಕು, ಆಮೇಲೆ ಕೆಮ್ಮು, ಕೊನೆಗೆ ಕೂಗು: "ಹಾಂ, ಮುಂದಕ್ಕೆ ಬಿಡಿ!" ತಲೆಯ ಮೇಲೆ ಬಂದು ನಿಂತ ಗಾಡಿಗಳ ಹೊಟ್ಟೆ ನೋಡುವ ಇವರಿಗೆ ಗುಂಡಿಮಾವ ಎಂದು ಹೆಸರಿಟ್ಟವರು ಯಾರೋ. ಈಗ ಪಾಸು-ಫೇಲು ಬರೆದುಕೊಳ್ಳುವ ಸಾಹೇಬರೂ ಹಾಗೇ ಕರೆಯುತ್ತಾರೆ.

ರಸ್ತೆಗಿಳಿಯುವ ಕಾರಿನಿಂದ ಕಾನೂನು ಏನೇನು ಕೇಳುತ್ತದೆಂದು ತಿಳಿಯಲು ಹೋಗಿ ನನಗೆ ತಲೆ ಚಿಟ್ಟು ಹಿಡಿದಿದೆ. ದೀಪ, ಹಾರ್ನು, ಬ್ರೇಕು, ಹೊಗೆ, ಟೈರು ಎಲ್ಲಕ್ಕೂ ಒಂದೊಂದು ಅಳತೆಯಂತೆ. ಸ್ಟೀರಿಂಗಿನ ಜಾಯಿಂಟು ಮಾತ್ರ 'ಅತಿಯಾಗಿ ಸಡಿಲವಿರಬಾರದು'. ಅತಿ ಅಂದರೆ ಎಷ್ಟಪ್ಪಾ?

"ಅದು ಕೈಗೇ ಗೊತ್ತಾಗತ್ತೆ ಸ್ವಾಮಿ. ಮೇಲೆ ಸ್ಟೀರಿಂಗ್ ಅಲ್ಲಾಡಿಸ್ತಾರೆ, ಕೆಳಗೆ ನಾನು ಜಾಯಿಂಟ್ ಹಿಡ್ಕೊಂಡಿರ್ತೀನಿ. ಟಕ್ ಅಂದ್ರೆ ಫೇಲು, ಅನ್ನದಿದ್ರೆ ಪಾಸು."

ಮೊದಲು ಗ್ಯಾರೇಜಿನಲ್ಲಿದ್ದರು, ಅದು ಮುಚ್ಚಿದ ಮೇಲೆ ಈ ಗುಂಡಿ. ದಿನಕ್ಕೆ ನಲವತ್ತು ಗಾಡಿ. ಕತ್ತು ಎತ್ತಿ ಎತ್ತಿ ನೋವು, ಕಣ್ಣಿಗೆ ತೊಟ್ಟಿಕ್ಕುವ ಆಯಿಲ್ಲು. "ಗಾಡಿ ಯಾರದ್ದು ಅಂತ ಮಾತ್ರ ಕೇಳಲ್ಲ. ಕೇಳಿದ್ರೆ ಕೆಟ್ಟೆ," ಎನ್ನುತ್ತಾರೆ.

ಇವತ್ತು ಕೇಳದೆಯೇ ಕೆಡುತ್ತಾರೆ. ಒಂದು ಹಳೇ ಬಿಳಿ ಕಾರಿಗೆ "ಜಾಯಿಂಟ್ ಸಡಿಲ, ಆಗಲ್ಲ!" ಎಂದು ಕೂಗಿದ್ದೇ ತಡ, ಮೇಲಿಂದ ಹೆಣ್ಣುದನಿ: "ಅಪ್ಪಾ, ನಾನು!"

ಮಾವ ಹತ್ತಿ ಬಂದು ಕಣ್ಣು ಕಣ್ಣು ಬಿಡುತ್ತಾರೆ. ಅತ್ತೆಮನೆಯಲ್ಲಿರುವ ಮಗಳು ಸದ್ದಿಲ್ಲದೆ ಕಾರು ಕೊಂಡಿದ್ದಾಳೆ. ಸೋಮವಾರದಿಂದ ಅಕ್ಕಪಕ್ಕದ ಮನೆಗಳ ಮಕ್ಕಳನ್ನು ತಿಂಗಳ ದುಡ್ಡಿಗೆ ಶಾಲೆಗೆ ಬಿಡಲು ಒಪ್ಪಿಕೊಂಡಿದ್ದಾಳೆ. "ಪಾಸಾದ್ಮೇಲೆ ಹೇಳೋಣ ಅಂತಿದ್ದೆ. ಇನ್ನೊಂದ್ಸಲ ನೋಡಪ್ಪ. ಸೋಮವಾರ ಹೋಗ್ಲಿಲ್ಲ ಅಂದ್ರೆ ಆ ಮಕ್ಕಳ ಮನೆಯವ್ರು ಬೇರೆ ಗಾಡಿ ನೋಡ್ಕೋತಾರೆ."

ಮತ್ತೆ ಇಳಿಯುತ್ತಾರೆ. ಸ್ಟೀರಿಂಗ್ ಅಲ್ಲಾಡುತ್ತದೆ. ಮಾವ ಇನ್ನೊಂದು ಸಲ, ಮತ್ತೊಂದು ಸಲ ಅಲ್ಲಾಡಿಸಲು ಹೇಳುತ್ತಾರೆ.

"ಬೇಗ ಹೇಳಿ ಮಾವ, ಪಾಸೋ ಫೇಲೋ?" ಸಾಹೇಬರಿಗೆ ಅವಸರ.

"ಆಗ ಯಾರದ್ದು ಅಂತ ಗೊತ್ತಿರ್ಲಿಲ್ಲ, ಟಕ್ ಅಂತು. ಈಗ ಒಂದ್ಸಲ ಅನ್ನತ್ತೆ, ಒಂದ್ಸಲ ಅನ್ನಲ್ಲ. ಕೈ ಸುಳ್ಳು ಹೇಳ್ತಿದ್ಯೋ, ಮನಸ್ಸು ಹೇಳ್ತಿದ್ಯೋ, ಒಂದೂ ತಿಳೀತಿಲ್ಲ ಸಾಹೇಬ್ರೆ." ಮತ್ತೆ ಕೆಮ್ಮು. "ಮೊದಲು ಹೇಳಿದ್ದೇ ಬರ್ಕೊಳ್ಳಿ."

ಮಾವ ಇನ್ನೂ ಗುಂಡಿಯಲ್ಲಿರುವಾಗಲೇ ಮಗಳು ಕಾರು ತಿರುಗಿಸಿಕೊಂಡು ಹೋಗುತ್ತಾಳೆ. ಅಪ್ಪ ಮಾಡಿದ್ದು ಸರಿಯೋ, ಬರೀ ಹಟವೋ? ನನಗಂತೂ ಗೊತ್ತಾಗುವುದಿಲ್ಲ. ಪಾಪ, ಇಬ್ಬರ ಮೇಲೂ ಮರುಕ ಹುಟ್ಟುತ್ತದೆ.

ನಿಮಗೇನಾದರೂ ಆಸೆ ಇದೆಯೇ ಎಂದು ಕೇಳಿದರೆ, ಆಮೇಲೆ ಹತ್ತಿ ಬಂದ ಮಾವ ಗೇಟಿನತ್ತಲೇ ನೋಡುತ್ತಾರೆ.

"ಹೊಸ ಜಾಯಿಂಟ್ ಹಾಕಿಸ್ಕೊಂಡು ಬರ್ಲಿ. ಅವತ್ತು ಗುಂಡಿಗೆ ಬೇರೆ ಯಾರಾದ್ರೂ ಇಳೀಲಿ. ನಾನು ಮೇಲೆ ನಿಂತ್ಕೋತೀನಿ. ನನ್ ಮಗಳು ಗಾಡಿ ಓಡ್ಸೋದನ್ನ ನಾನಿನ್ನೂ ನೋಡೇ ಇಲ್ಲ."