ಖಂಡೇಪೂಜೆಯ ದಿನ ನಿಂತ ಕಂಪ್ಯೂಟರು

ಗಜೇಂದ್ರಗಡದ ಸೀರೆ ಅಂಗಡಿಯ ಕಂಪ್ಯೂಟರು ಕೆಟ್ಟದ್ದು ಪೂಜೆಗಿಟ್ಟ ಯಂತ್ರವನ್ನು ಹುಡುಗಿಯೊಬ್ಬಳು ಮುಟ್ಟಿದ್ದರಿಂದ ಎಂದು ಈಗಲೂ ಹೇಳುವವರಿದ್ದಾರೆ. ಯಾರವರು? ಬಹುತೇಕ ಆ ದಿನ ಅಲ್ಲಿ ಇಲ್ಲದವರು. ಇದ್ದವರಲ್ಲಿ ಒಬ್ಬರು ಅಂಗಡಿಯ ಸಾವಕಾರರು. ಯಂತ್ರ ಹಚ್ಚು ಎಂದು ಅವಳಿಗೆ ಹೇಳಿದವರೇ ಅವರು; ಆ ಭಾಗವನ್ನು ಕಥೆಯಿಂದ ಕೈಬಿಟ್ಟವರೂ ಅವರೇ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಕಲಿತದ್ದು ಇಷ್ಟು: ಎದುರಾಳಿ ಏನು ಹೇಳಿದ ಎನ್ನುವುದಕ್ಕಿಂತ ಏನು ನುಂಗಿದ ಎನ್ನುವುದನ್ನು ನೋಡಬೇಕು.

ಆಗ ನಾನು ರೋಣದ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಕೆಲಸಕ್ಕಿದ್ದೆ. ಊರಿಗೆ ಬ್ರಾಡ್‌ಬ್ಯಾಂಡ್ ಬಂದ ಹೊಸತು. ಕೇಂದ್ರ ನಡೆಸುತ್ತಿದ್ದ ಸರ್, ಸಾವಕಾರರ ರೋಣ, ನರಗುಂದ, ಗಜೇಂದ್ರಗಡದ ಮೂರೂ ಅಂಗಡಿಗಳಿಗೆ ಒಂದು ಪ್ರೋಗ್ರಾಂ ಬರೆದುಕೊಟ್ಟಿದ್ದರು. ಗಿರಾಕಿ ಕೇಳಿದ ಸೀರೆ ಇಲ್ಲಿ ಇಲ್ಲದಿದ್ದರೆ ಬೇರೆ ಯಾವ ಅಂಗಡಿಯಲ್ಲಿದೆ ಎಂದು ಅದು ಪರದೆಯ ಮೇಲೆ ತೋರಿಸಬೇಕು. ಉತ್ತರ ಕೊಡುವ ವೆಬ್ ಸರ್ವಿಸ್ ಇದ್ದದ್ದು ಸರ್ ಅವರ ಮೇಜಿನ ಕೆಳಗಿನ ಕಂಪ್ಯೂಟರಿನಲ್ಲಿ. ದೂರದ ಅಂಗಡಿಯ ಪ್ರೋಗ್ರಾಂ ಇಂಟರ್ನೆಟ್ಟಿನ ಮೂಲಕ ಅಲ್ಲಿಗೆ ತಲುಪಬೇಕಾದರೆ ಅದಕ್ಕೊಂದು ವಿಳಾಸ ಬೇಕು. ಸರ್ ಏನು ಮಾಡಿದ್ದರು? ತಮ್ಮ ಮೋಡೆಮ್ಮಿಗೆ ಆ ದಿನ ಸಿಕ್ಕಿದ್ದ ನಂಬರನ್ನೇ ವಿಳಾಸವೆಂದು ಬರೆದು, ಸಿ.ಡಿ.ಗೆ ತುಂಬಿ, ಅಂಗಡಿಗಳಲ್ಲಿ ಹಾಕಿಸಿಬಿಟ್ಟಿದ್ದರು. ಆ ನಂಬರೋ, ಮೋಡೆಮ್ ಆರಿಸಿ ಹಚ್ಚಿದರೆ ಬದಲಾಗುವಂಥದ್ದು. ಬಾಡಿಗೆ ಮನೆಯ ವಿಳಾಸವನ್ನು ಕಲ್ಲಿನಲ್ಲಿ ಕೆತ್ತಿಸಿದ ಹಾಗೆ.

"ಸರ್, ಮೋಡೆಮ್ ಆರಿದ್ರ?" ಎಂದು ನಾನು ಮೊದಲೇ ಕೇಳಿದ್ದೆ.

"ಬ್ಯಾಟರಿ ಐತಿ. ಕರೆಂಟ್ ಹೋದ್ರೂ ಅದು ಆರಂಗಿಲ್ಲ. ನಿನಗ ಎಲ್ಲಾದಕ್ಕೂ ವಾದಾನ ಬೇಕಲ್ಲೋ ತಮ್ಮಾ!"

ಕರೆಂಟನ್ನು ಲೆಕ್ಕಕ್ಕೆ ಹಿಡಿದ ಮಹಾಶಯರು ತಮ್ಮ ಭಕ್ತಿಯನ್ನು ಹಿಡಿದಿರಲಿಲ್ಲ. ಖಂಡೇಪೂಜೆ, ಅಂದರೆ ನವರಾತ್ರಿಯ ಆಯುಧಪೂಜೆ, ಬಂತು. ಸರ್ ಕಂಪ್ಯೂಟರು, ಮೋಡೆಮ್, ಬ್ಯಾಟರಿ ಎಲ್ಲ ಆರಿಸಿ, ಒರೆಸಿ, ವಿಭೂತಿ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿ ಕೈಮುಗಿದರು. ಮರುದಿನ ದಸರೆಯ ಬನ್ನಿ ಹಂಚಿ ಮುಗಿಯುವವರೆಗೆ ಯಾರೂ ಮುಟ್ಟುವಂತಿಲ್ಲ. ನರಗುಂದದ ಅಂಗಡಿಗೆ ಬೀಗವೇ ಬಿದ್ದಿತ್ತು. ಗಜೇಂದ್ರಗಡದಲ್ಲೂ ಕಂಪ್ಯೂಟರಿಗೆ ಪೂಜೆಯಾಗಿ ಮಾಲೆ ಬಿದ್ದಿತ್ತು; ಆದರೆ ಅಲ್ಲಿಗೆ ಪುರ್ತಗೇರಿಯಿಂದ ಮದುವೆಯ ಜವಳಿಗೆಂದು ಜನ ಬಂದುಬಿಟ್ಟರು. ಅವರು ಕೇಳಿದ ಬಣ್ಣ ಅಲ್ಲಿರಲಿಲ್ಲ. ಗಿರಾಕಿ ಎದ್ದು ಹೋಗುತ್ತಾರೆಂದಾಗ ಸಾವಕಾರರ ದೇವಿ ಸ್ವಲ್ಪ ಹೊತ್ತು ಕಣ್ಣು ಮುಚ್ಚಿದಳು. ಹಚ್ಚು, ರೋಣದಲ್ಲಿ ಐತೇನು ನೋಡು ಎಂದರು. ಕಂಪ್ಯೂಟರ್ ಮುಂದೆ ಕೂರುತ್ತಿದ್ದ ನೇಕಾರರ ಮನೆಯ ಹುಡುಗಿ ಹಚ್ಚಿದಳು. ಸಂಪರ್ಕ ಸಿಗಲಿಲ್ಲ ಎಂಬ ಸಾಲು ಬಂತು. ರೋಣದಲ್ಲಿ ಸರ್ ಎಲ್ಲ ಮತ್ತೆ ಹಚ್ಚಿದ ಮೇಲೂ ಅದೇ ಸಾಲು.

ಬನ್ನಿಯ ನಂತರ ನಾನು ಗಜೇಂದ್ರಗಡಕ್ಕೆ ಹೋದೆ. ಹುಡುಗಿ ಕುರ್ಚಿ ಬಿಟ್ಟು ಗೋಡೆಗೆ ಒರಗಿ ನಿಂತಿದ್ದಳು. ಮುಟ್ಟಬೇಡ ಎಂದು ಅಪ್ಪಣೆಯಾಗಿತ್ತು.

"ಏನ್ ಮಾಡಿದಿ ತಂಗಿ?"

"ಮಾಲಿ ಸರಿಸಿ ಗುಂಡಿ ಒತ್ತಿದೆ, ಅಷ್ಟ. ಸಾವಕಾರ್ರಽ ಹೇಳಿದ್ರು."

"ಹಚ್ಚು ಅಂದೆ. ಕೆಡಸು ಅಂದ್ನೇನ?" ಗಲ್ಲಾದ ಹಿಂದಿನಿಂದ ಸಾವಕಾರರು. "ದೇವಿ ಸುಮ್ನ ಬಿಡ್ತಾಳೇನ?"

"ಸಿಟ್ಟ್ ಬಂದ್ರ ನನ್ನ ಮ್ಯಾಲೆ ಬರಬೇಕಿತ್ತಲ್ರಿ. ಸೀರಿ ಪ್ರೋಗ್ರಾಂ ಏನ್ ಪಾಪ ಮಾಡಿತ್ತು?" ಎಂದಳು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, "ಲಗೂನ ಸರಿ ಮಾಡ್ರಿ ಅಣ್ಣಾರ. ಈ ಕುರ್ಚಿ ಹೋತಂದ್ರ ನಮ್ಮವ್ವ ನಾಳೆನ ವರಾ ಕರಸ್ತಾಳ."

ನಾನು ಸೆಟ್ಟಿಂಗ್ ಫೈಲು ತೆರೆದೆ. ಹಳೆಯ ನಂಬರು ಅಲ್ಲೇ ಕೂತಿತ್ತು. ರೋಣಕ್ಕೆ ಫೋನ್ ಮಾಡಿ, ಮೋಡೆಮ್ಮಿನ ಈಗಿನ ನಂಬರು ಓದಿರಿ ಎಂದೆ. ಸರ್ ಓದಿದರು. ಬೇರೆಯೇ ನಂಬರು. ಅದನ್ನು ಬರೆದದ್ದೇ ತಡ, ಪರದೆಯ ಮೇಲೆ ರೋಣದ ಸೀರೆಗಳು ಸಾಲಾಗಿ ಬಂದವು.

"ನೋಡ್ರಿ!" ಸಾವಕಾರರು ತೊಡೆ ತಟ್ಟಿಕೊಂಡರು. "ನೀವು ಮುಟ್ಟಿದಿರಿ, ಸರಿ ಆತು. ಆಕಿ ಮುಟ್ಟಿದ್ಲು, ಕೆಟ್ಟಿತ್ತು. ಇನ್ನೇನ್ ಬೇಕು?"

ಕೋಳಿ ಕೂಗಿದ್ದಕ್ಕೇ ಬೆಳಗಾಯಿತು ಎಂದ ಅಜ್ಜಿಯೂ ಇವರೆದುರು ತರ್ಕ ಪಂಡಿತೆ. ಆದರೂ ಇವರನ್ನು ನಾನು ಅಷ್ಟು ಬೈಯುವುದಿಲ್ಲ. ಅವರಿಗೆ ಗೊತ್ತಿದ್ದುದು ಸೀರೆ ಮಾತ್ರ. ಗೊತ್ತಿದ್ದವರು ಫೋನಿನಲ್ಲಿದ್ದರು. ಸಾವಕಾರರು ನನ್ನ ಕೈಯಿಂದ ಮೊಬೈಲ್ ಕಸಿದು, "ಏನಾಗಿತ್ರಿ ಸರ?" ಎಂದು ಕೇಳಿದರು. ಆಗಷ್ಟೇ ಹೊಸ ನಂಬರನ್ನು ತಮ್ಮ ಬಾಯಿಂದಲೇ ಓದಿದ ಮನುಷ್ಯ ಏನು ಹೇಳಿದರೆಂದು ಆ ದೊಡ್ಡ ದನಿಗೆ ಅಂಗಡಿಯಲ್ಲಿದ್ದವರೆಲ್ಲ ಕೇಳಿಸಿಕೊಂಡರು.

"ನಿಮ್ಮ ಹುಡುಗಿ ಏನರ ಒತ್ತಿರಬೇಕ್ರಿ ಸಾವಕಾರ್ರ. ರೋಣದ ಅಂಗಡ್ಯಾಗ ಚಲೋ ನಡದೈತಲ್ಲ!"

ನಡೆಯದೆ ಏನು? ರೋಣದ ಅಂಗಡಿ ಕೇಂದ್ರದ ಕೆಳಗೇ ಇತ್ತು. ಅಲ್ಲಿಗೆ ನೇರ ತಂತಿ ಎಳೆದಿದ್ದರು. ಅದಕ್ಕೆ ಆ ನಂಬರಿನ ಹಂಗೇ ಇರಲಿಲ್ಲ.

"ನಾಳಿಂದ ಬರಬ್ಯಾಡ ಯವ್ವಾ," ಎಂದರು ಸಾವಕಾರರು. ಹುಡುಗಿ ಕಂಪ್ಯೂಟರಿನ ಮೇಲಿದ್ದ ಬಾಡಿದ ಮಾಲೆಯನ್ನು ತೆಗೆದು ಕಸದ ಬುಟ್ಟಿಗೆ ಹಾಕಿದಳು.

ನಾನು ಮೊಬೈಲ್ ತಿರುಗಿ ಇಸಿದುಕೊಂಡೆ; ಸರ್ ಇನ್ನೂ ಲೈನಿನಲ್ಲೇ ಇದ್ದರು. ಆ ಬೆಳಿಗ್ಗೆ ಬಸ್ಸಿನಲ್ಲಿದ್ದಾಗಲೇ ನರಗುಂದದಿಂದ ಫೋನ್ ಬಂದಿತ್ತು: ಬೀಗ ತೆಗೆದು ಹಚ್ಚಿದರೆ ಅಲ್ಲೂ ಅದೇ ಸಾಲು. ಈ ಸಲದ ಉತ್ತರ ಒಂದಕ್ಷರವೂ ತಪ್ಪದೆ ಎಲ್ಲರಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದೆ.

"ಸರ್, ಈಕಿ ಮುಟ್ಟಿದ್ದಕ್ಕ ಇಲ್ಲಿ ನಿಂತಿತು ಅಂತಽ ತಿಳಕೊಳ್ಳೋಣು. ಬೀಗಾ ಹಾಕಿದ್ದ ನರಗುಂದದ ಅಂಗಡ್ಯಾಗ ಯಾರ್ ಮುಟ್ಟಿದ್ರು?"