ಹಿಂದೆ ಸರಿಯುವ ಗುರುಪಾದಪ್ಪ
ಮರಾಠಿ ಸೀಮೆಯ ವಾಕಡದಲ್ಲಿ ನೆಲೆಸಿದ ಗುರುಪಾದಪ್ಪನವರು ಲಿಫ್ಟಿನಲ್ಲಿ ಇಬ್ಬರಿದ್ದರೂ ಸಾಕು, ಒಳಗಿದ್ದವರಿಗೆ ಇಕ್ಕಟ್ಟಾದೀತೆಂದು ಆರು ಮಹಡಿ ಹತ್ತಿಕೊಂಡೇ ಹೋಗುವ ಮನುಷ್ಯ. ತರಕಾರಿಯವಳನ್ನು ಮಾತಾಡಿಸುವ ಮೊದಲು ಮರಾಠಿ ವಾಕ್ಯವನ್ನು ಮನಸ್ಸಿನಲ್ಲೇ ಮೂರು ಸಲ ತಿದ್ದುತ್ತಾರೆ. ಅಷ್ಟರಲ್ಲಿ ಮೆಂತ್ಯೆಸೊಪ್ಪು ಖಾಲಿಯಾಗಿರುತ್ತದೆ. ಆಫೀಸಿನಲ್ಲಿ ಇಪ್ಪತ್ತು ವರ್ಷದಿಂದ ಎಲ್ಲರ ತಪ್ಪು ಸರಿಪಡಿಸುವವರು ಅವರೇ. ಆದರೂ ಊರಕಡೆಯ ಯಾರಾದರೂ ಹೊಗಳಿದರೆ, "ನಂದೇನ್ ಅದರೀ ಅದರಾಗ, ಎಲ್ಲಾ ಸಾಹೇಬ್ರ ದಯಾ" ಎಂದು ಮುದುಡಿಕೊಳ್ಳುತ್ತಾರೆ. ಮದುವೆಯಲ್ಲಿ ಊಟಕ್ಕೆ ಕೊನೆಯ ಪಂಕ್ತಿ, ಫೋಟೋಕ್ಕೆ ಕೊನೆಯ ಸಾಲು, ಅಲ್ಲಿಯೂ ಅರ್ಧ ಮುಖ ಇನ್ನೊಬ್ಬರ ಪೇಟದ ಹಿಂದೆ. ಮೊನ್ನೆ ಶಾಲೆಯಲ್ಲಿ ಮಗಳು ಮಾಧುರಿಗೆ ಭಾಷಣಸ್ಪರ್ಧೆಯ ಮೊದಲ ಬಹುಮಾನ ಬಂತು. ಟೀಚರು ಬಾಯ್ತುಂಬ ಹೊಗಳಿದಾಗ ಗುರುಪಾದಪ್ಪನವರು ರೂಢಿಯಂತೆ, ಏನೋ ಅದೃಷ್ಟ, ಹುಡುಗಿ ಅಷ್ಟೇನು ಜಾಣೆಯಲ್ಲ ಎಂದುಬಿಟ್ಟರು. ಗೇಟಿನ ಹತ್ತಿರ ಮಗಳು ಮೆಲ್ಲಗೆ ಕೇಳಿದಳು: "ಅಪ್ಪಾ, ನಾ ಛಲೋ ಮಾತಾಡಲಿಲ್ಲೇನು?" ತನಗಷ್ಟೇ ಇರಲೆಂದುಕೊಂಡ ಹಿಂಜರಿಕೆ ಮಗುವಿಗೂ ಅಂಟುತ್ತಿತ್ತು. "ನಡಿಯವ್ವಾ, ಒಂದು ಮಾತು ತಪ್ಪಾಗೇದ" ಎಂದು ಅವಳ ಕೈ ಹಿಡಿದು ತಿರುಗಿ ಒಳಗೆ ಹೋದರು. ಟೀಚರ ಮುಂದೆ ನಿಂತು, ಇಡೀ ಕೋಣೆಗೆ ಕೇಳುವಂತೆ, ನನ್ನ ಮಗಳು ಬಹಳ ಜಾಣೆ ಎಂದು ಹೇಳಿದರು.